ಹೋಟ್ಲೊಳಗೆ

ಅರಸೀಕೆರೆಯಲ್ಲಿ ಆ ಬ್ಯಾಂಕನ್ನು ಯಾರೂ ಬ್ಯಾಂಕ್ ಅನ್ನುವುದಿಲ್ಲ. ಬಸ್‌ಸ್ಟ್ಯಾಂಡಿನಲ್ಲಿ ಆಟೊ ಹತ್ತಿ 'ಹೋಟ್ಲತ್ರ ಬಿಡಪ್ಪ' ಅಂದರೆ ಅವನು ಸೀದಾ ಸ್ಟೇಷನ್ ರಸ್ತೆಗೆ ತಂದು ಬ್ಯಾಂಕಿನ ಕಂಬದ ಮುಂದೆ ನಿಲ್ಲಿಸುತ್ತಾನೆ. ಅಲ್ಲಿ ಒಂದು ಲೋಟ ಕಾಫಿ ಸಿಕ್ಕಿ ಮೂವತ್ತು ವರ್ಷದ ಮೇಲಾಯಿತು. ಆದರೂ ಅದು ಹೋಟ್ಲು. ಪಿಂಚಣಿಗೆ ಹೋಗುವ ಮುದುಕಿಯರೂ 'ಹೋಟ್ಲಾಗೆ ದುಡ್ ಬಂದೈತಂತೆ ಕಣೆ' ಅಂತಲೇ ಒಬ್ಬರನ್ನೊಬ್ಬರು ಕರೆದುಕೊಂಡು ಹೋಗುತ್ತಾರೆ.

ಕಟ್ಟಿಸಿದವರು ಹಳೇಬೀಡಿನ ಜೈನರು, ನಾಗಕುಮಾರಯ್ಯ ಅಂತ, ಕೊಬ್ಬರಿ ಮಂಡಿ ಸಾಹುಕಾರರು. ರೈಲು ಇಳಿದು ಬೇಲೂರು, ಹಳೇಬೀಡಿಗೆ ಹೋಗುವವರು ಬಸ್ಸಿಗೆ ಕಾಯಬೇಕಲ್ಲ, ಅವರಿಗಾಗಿ. ಮುಂದೆ ಗಾರೆ ತಿಕ್ಕಿ ಮೊಟ್ಟೆಯ ಹಾಗೆ ನುಣುಪು ಮಾಡಿದ ನಾಲ್ಕು ದುಂಡು ಕಂಬ. ಒಳಗೆ ತೊಟ್ಟಿ, ತೊಟ್ಟಿಯ ಮೂರು ಕಡೆಗೂ ಮಹಡಿ. ಮಾಳಿಗೆಗೆ ಮರದ ತೊಲೆ ಇಲ್ಲ. ರೈಲ್ವೆಯವರು ತೆಗೆದುಹಾಕಿದ ಹಳೇ ಕಂಬಿಗಳನ್ನು ಗೋಡೆಯಿಂದ ಗೋಡೆಗೆ ಹಾಸಿ, ಕಂಬಿಯಿಂದ ಕಂಬಿಗೆ ಇಟ್ಟಿಗೆಯ ಸಣ್ಣ ಕಮಾನು ಕಟ್ಟಿದ್ದಾರೆ. ಪಡುವಣಕ್ಕೆ, ಮಹಡಿಯಿಲ್ಲದ ಕಡೆ, ಊಟದ ಹಾಲು, ಅದಕ್ಕೆ ಆಳೆತ್ತರದ ಕಿಟಕಿಗಳು. ಹೊತ್ತು ಮುಳುಗಿದ ಮೇಲೆ ಉಣ್ಣದ ಜನ, ಕೊನೆಯ ಬೆಳಕಿರುವ ತನಕ ಎಲೆ ಕಾಣಲಿ ಅಂತ. ಹಾಲಿಗೆ ಅಂಟಿಕೊಂಡೇ ಹಿಂದೆ ಅಡುಗೆಮನೆ. ಮೂರಡಿ ದಪ್ಪದ ಕಲ್ಲುಗೋಡೆ. ಒಳಗೆ ಹೋಗಿ ಬಲಕ್ಕೆ ತಿರುಗಿದರೆ, ಬಾಗಿಲಲ್ಲಿ ನಿಂತವರಿಗೆ ಕಾಣದ ಹಾಗೆ, ಒಲೆಗೂಡು.

ಮುಂದಿನ ಜಗಲಿ ಅಂದರೆ ಕೂಲಿಯವರ ಬಾಯಲ್ಲಿ 'ಹೋಟ್ಲ ಮುಂದೆ'. ಆ ಅಡುಗೆಮನೆ ಅಂದರೆ 'ಹೋಟ್ಲೊಳಗೆ'. ನಮ್ಮಪ್ಪನ ಬಾಯಲ್ಲೂ ಅಷ್ಟೆ.

ಬ್ಯಾಂಕಿನವರು ಬಂದವರೇ ತೊಟ್ಟಿಗೆ ಶೀಟು ಹೊದಿಸಿ ಕೌಂಟರ್ ಮಾಡಿದರು. ಊಟದ ಹಾಲನ್ನು ಮ್ಯಾನೇಜರ್ ಕ್ಯಾಬಿನ್ ಮಾಡಿದರು. ಗೋಡೆ ದಪ್ಪ ನೋಡಿ ಅಡುಗೆಮನೆಯನ್ನೇ ಸ್ಟ್ರಾಂಗ್ ರೂಮ್ ಮಾಡಿದರು. ಕಿಟಕಿಗಳಿಗೆ ಕಲ್ಲು ತುಂಬಿ, ಹೊಗೆ ಹೋಗುವ ಗೂಡಿನ ಬಾಯಿಗೆ ಮೇಲಿಂದ ಕಾಂಕ್ರೀಟು ಸುರಿದು, ಬಾಗಿಲಿಗೆ ಉಕ್ಕಿನ ಕದ ಕೂರಿಸಿದರು. ಆಗ ಕಿಟಕಿಗೆ ಕಲ್ಲು ತುಂಬಿದ್ದು ನಮ್ಮಪ್ಪ, ಕೆಂಚಪ್ಪ. ಇಪ್ಪತ್ತರ ಪ್ರಾಯ. ಗಾಳಿ ಬರುವ ಕಡೆಯೆಲ್ಲ ಬಿಗಿಯಾಗಿ ಮುಚ್ಚಿದ್ದಕ್ಕೆ ಮೇಸ್ತ್ರಿ ಶಹಬ್ಬಾಸ್ ಅಂದಿದ್ದನಂತೆ.

ಇದನ್ನೆಲ್ಲ ಅಪ್ಪ ನನಗೆ ಎಷ್ಟು ಸಲ ಹೇಳಿದನೋ. ನಾನು ಒಂಬತ್ತನೇ ಕ್ಲಾಸಿಗೆ ಶಾಲೆ ಬಿಟ್ಟು ಅವನ ಜೊತೆ ಕರಣೆ ಹಿಡಿದ ದಿನದಿಂದ ಹೇಳುತ್ತಲೇ ಇದ್ದ. ನಾನು ಕಿವಿಗೆ ಹಾಕಿಕೊಂಡದ್ದು ಕಡಿಮೆ. ಯಾರದೋ ಕಟ್ಟಡ, ಯಾರದೋ ಕಂಬ. ನಮಗೆ ಸಿಗುವುದು ಧೂಳು. ಆ ಧೂಳು ಅಪ್ಪನ ಎದೆಯಲ್ಲಿ ಕೂತು, ಎರಡು ಮೆಟ್ಟಿಲು ಹತ್ತಿದರೆ ಅವನ ಉಸಿರು ಕಮ್ಮಾರನ ತಿದಿ ಊದಿದ ಹಾಗೆ ಸದ್ದು ಮಾಡುತ್ತಿತ್ತು.

ಈ ಸೆಪ್ಟೆಂಬರಿನ ಜಡಿಮಳೆಗೆ ಸ್ಟ್ರಾಂಗ್ ರೂಮಿನ ಸೂರು ಸೋರಿತು. ಮುಂದಿನ ವಾರ ಮೇಲಿನವರು ಇನ್‌ಸ್ಪೆಕ್ಷನ್‌ಗೆ ಬರುವವರಿದ್ದರು. ಮ್ಯಾನೇಜರ್ ರಜೆಯಲ್ಲಿದ್ದ. ಆಫೀಸರ್ ಹೇಮಂತ್ ನಮ್ಮನ್ನು ಕರೆಸಿದ. ಬೆಂಗಳೂರಿನವನು, ನನಗಿಂತ ನಾಲ್ಕೈದು ವರ್ಷಕ್ಕೆ ದೊಡ್ಡವನು, ಈ ಊರಿಗೆ ಬಂದು ಎರಡು ತಿಂಗಳಾಗಿತ್ತು.

"ಯಜಮಾನ್ರೇ, ಶುಕ್ರವಾರದೊಳಗೆ ಮುಗಿಸ್ಬೇಕು. ಆಮೇಲೆ ಸೆಕೆಂಡ್ ಸ್ಯಾಟರ್ಡೇ, ಭಾನುವಾರ. ಬ್ಯಾಂಕ್ ತೆಗೆಯಲ್ಲ."

"ಆಯ್ತದೆ ಸೋಮಿ. ಮಗ ಮ್ಯಾಲೆ ನೋಡ್ಕತಾನೆ, ನಾನ್ ಒಳ್ಗೆ ನೋಡ್ಕತೀನಿ."

ಒಳಗೆ ಹೊಡೆಯುವುದಕ್ಕೆ ಬ್ಯಾಂಕಿನವರೇ ಆರಿಸಿದ ಡಬ್ಬಿ ಕೆಮಿಕಲ್ಲು. ಮುಚ್ಚಳ ತೆಗೆದರೆ ಕಣ್ಣಲ್ಲಿ ನೀರು, ತಲೆಯೊಳಗೆ ಜುಂ ಅನ್ನುವ ಥಿನ್ನರ್ ವಾಸನೆ. ಕಿಟಕಿ ಬಾಗಿಲು ತೆರೆದಿಟ್ಟು ಬಳಸಿ ಅಂತ ಡಬ್ಬಿಯ ಮೇಲೆ ಕನ್ನಡದಲ್ಲೇ ಇತ್ತು. ಕಿಟಕಿ ಎಲ್ಲಿಂದ ತರುವುದು? ಉಕ್ಕಿನ ಕದವನ್ನು ಪೂರ್ತಿ ತೆಗೆದು, ಹೊರಗೆ ಟೇಬಲ್ ಫ್ಯಾನ್ ಇಟ್ಟು, ಮೂಗಿಗೂ ಕಿವಿಗೂ ಸೇರಿಸಿ ಟವೆಲ್ ಸುತ್ತಿಕೊಂಡು ಅಪ್ಪ ಕೆಲಸ ಮಾಡುತ್ತಿದ್ದ. ನಗದು ಇರುವ ಪೆಟ್ಟಿಗೆಗೆ ಬೇರೆ ಬೀಗ. ಬಾಗಿಲ ಪಕ್ಕ ಮೇಜು ಹಾಕಿಕೊಂಡು ಹೆಡ್ ಕ್ಯಾಷಿಯರ್ ಯಶೋಧರಾ ಮೇಡಂ ಕೂತಿರುತ್ತಿದ್ದರು. ಸ್ಟ್ರಾಂಗ್ ರೂಮಿಗೆ ಮೊಬೈಲು ಒಯ್ಯುವ ಹಾಗಿಲ್ಲ. ಅಪ್ಪನ ಫೋನು ನನ್ನ ಚೀಲದಲ್ಲಿತ್ತು.

ಯಶೋಧರಾ ಮೇಡಂ ನಾಗಕುಮಾರಯ್ಯನವರ ವಂಶದವರೇ. ತಾತ ಕಟ್ಟಿಸಿದ ಹೋಟ್ಲಿನಲ್ಲಿ ಮೊಮ್ಮಗಳು ನೋಟು ಎಣಿಸುತ್ತಾರೆ ಅಂತ ಊರಲ್ಲಿ ತಮಾಷೆ. ದಿನಾ ಹಳೇಬೀಡಿನಿಂದ ಬಂದು ಹೋಗುತ್ತಿದ್ದರು. ಅವು ಜೈನರ ದಶಲಕ್ಷಣ ವ್ರತದ ಹತ್ತು ದಿನಗಳು. ಒಪ್ಪೊತ್ತಿನ ಊಟ, ಹೊತ್ತು ಮುಳುಗುವ ವೇಳೆಗೆ ಮನೆ ಸೇರಿ ಜಪಕ್ಕೆ ಕೂತರೆ ಬೆಳಗಿನ ತನಕ ಮೌನ.

ಶುಕ್ರವಾರ ಮಧ್ಯಾಹ್ನ ಒಂದು ಡಬ್ಬಿ ಕಡಿಮೆ ಬಿತ್ತು. ತರಲು ನನ್ನನ್ನು ಕಳಿಸಿದರು. ಅಂಗಡಿಯವನು ಗೋಡೌನಿನ ಬೀಗದ ಕೈ ತರಿಸುತ್ತೀನಿ ಅಂತ ನನ್ನನ್ನು ಮಳೆಯಲ್ಲಿ ನಿಲ್ಲಿಸಿಕೊಂಡ. ಬೈದುಕೊಂಡು ಡಬ್ಬಿ ಹೊತ್ತು ಬಂದರೆ ಬ್ಯಾಂಕಿನ ಶಟರು ಅರ್ಧ ಇಳಿದಿತ್ತು. ಗನ್‌ಮ್ಯಾನ್ ಕುರ್ಚಿಯನ್ನು ಜಗಲಿಗೆ ಎಳೆದುಕೊಳ್ಳುತ್ತಿದ್ದ.

"ಅಪ್ಪ ಎಲ್ಲಣ್ಣ?"

"ಹೋಟ್ಲಿಗೋದ್ನಂತೆ ಕಣ್ಲಾ. ಹೇಮಂತ್ ಸಾರ್ ಅಂದ್ರು. ಸೋಮವಾರ ಬರ್ರಿ ಇನ್ನ."

"ಈ ಡಬ್ಬಿ?"

"ನಿನ್ ತಲೆ ಮ್ಯಾಲಿಟ್ಕ. ಒಳಿಕ್ಕೆ ಬಿಡಂಗಿಲ್ಲ."

ಡಬ್ಬಿಯನ್ನು ಜಗಲಿಯ ಮೇಲೆ ಕುಕ್ಕಿ ಹೊರಟೆ. ನನ್ನನ್ನು ಮಳೆಯಲ್ಲಿ ಓಡಾಡಿಸಿ ಇವನು ಕಾಫಿ ಕುಡಿಯುತ್ತಾ ಕೂತಿದ್ದಾನಲ್ಲ ಅಂತ ಅಪ್ಪನ ಮೇಲೇ ಸಿಟ್ಟು. ಸ್ಟೇಷನ್ ಎದುರಿನ ಹೋಟೆಲ್ ನೋಡಿದೆ. ಬಸ್‌ಸ್ಟ್ಯಾಂಡಿನ ಎರಡು ನೋಡಿದೆ. ಕೊಬ್ಬರಿ ಮಂಡಿಯ ಹತ್ತಿರ ತಟ್ಟೆ ಇಡ್ಲಿ ಹಾಕುವ ಸಿಂಧಕ್ಕನನ್ನು ಕೇಳಿದೆ.

"ಕೆಂಚಪ್ಪಣ್ಣ? ಹೋಟ್ಲಲ್ಲಿ? ಒಳ್ಳೆ ಕತೆ. ಮನೆಯಿಂದ ತಂದ ಮುದ್ದೆ ಬುಟ್ಟು ಆ ವಯ್ಯ ದುಡ್ಡು ಕೊಟ್ಟು ನೀರೂ ಕುಡ್ಯಾಕಿಲ್ಲ. ನೀನು ನೋಡು, ದಿನಾ ಎರಡು ಪ್ಲೇಟು."

ಅವಳು ನಗುತ್ತಿದ್ದಾಗಲೇ ಚೀಲದಲ್ಲಿ ಅಪ್ಪನ ಫೋನು ಹೊಡೆದುಕೊಂಡಿತು. ಅಮ್ಮ.

"ಏನ್ರೀ, ಕತ್ತಲಾಗ್ತಾ ಬಂತು..."

"ನಾನಮ್ಮ, ಚನ್ನೇಶ. ಅಪ್ಪ ಹೋಟ್ಲಿಗೆ ಹೋಗೈತಂತೆ, ಹುಡುಕ್ತಾ ಇದೀನಿ."

"ಹೋಟ್ಲಿಗಾ? ನಿಮ್ಮಪ್ಪ ಯಾವತ್ತು ಹೋಟ್ಲಿಗೋಗಿತ್ತು? ಹೋಟ್ಲೊಳ್ಗೆ ಇವತ್ತೊಂದ್ ಕೈ ಹೊಡೆದ್ರೆ ಮುಗೀತು ಅಂದಿತ್ತು ಬೆಳಿಗ್ಗೆ. ಹೋಟ್ಲೊಳ್ಗೆ ನೋಡ್ದೇನ್ಲಾ?"

ಸಿಂಧಕ್ಕ ಏನೋ ಕೇಳುತ್ತಿದ್ದಳು. ನಾನು ಆಗಲೇ ರಸ್ತೆಯಲ್ಲಿದ್ದೆ.

ಗನ್‌ಮ್ಯಾನ್ ಎದ್ದು ಅಡ್ಡ ನಿಂತ. ಅವನನ್ನು ತಳ್ಳಿ ಶಟರು ಬಡಿದೆ. "ಒಳಗವ್ನೆ ಅಣ್ಣ, ಅಪ್ಪ ಒಳಗವ್ನೆ, ಬೀಗ ತೆಗೀರಿ." ಅವನು ನಂಬಲಿಲ್ಲ. ಫೋನ್ ಮಾಡಿದರೆ ಹೇಮಂತನೂ ನಂಬಲಿಲ್ಲ. ಪಕ್ಕದ ಬೀದಿಯಲ್ಲೇ ಅವನ ರೂಮು. ಚಪ್ಪಲಿಯಲ್ಲಿ, ನೈಟ್ ಪ್ಯಾಂಟಿನಲ್ಲಿ ಸ್ಕೂಟರ್ ತಂದ.

"ಚನ್ನೇಶ್, ಪ್ಯಾನಿಕ್ ಆಗ್ಬೇಡಿ. ನಾನೇ ಕೇಳ್ದೆ ಅವರನ್ನ. ಕ್ಲೋಸಿಂಗ್‌ಗೆ ಮುಂಚೆ. ಎಲ್ಲಿಗೆ ಯಜಮಾನ್ರೇ ಅಂದೆ. ಹೋಟೆಲಿಗೆ ಹೋಗ್ಬರ್ತೀನಿ ಅಂದ್ರು."

"ಹಂಗಂದ್ನಾ? ಅದೇ ಮಾತು ಅಂದ್ನಾ? ಸರಿಯಾಗಿ ಹೇಳಿ."

ಹೇಮಂತ ನೆನಪು ಮಾಡಿಕೊಂಡ. ಒಂದೊಂದೇ ಪದ ಹೊರಗೆ ಬಂತು. "ಹೋಟ್ಲೊಳಕ್ಕೆ... ಒಂದು ಕೈ ನೋಡ್ಕಂಡು ಬತ್ತೀನಿ ಅಂದ್ರು. ನಾನು ನಗಾಡ್ದೆ. ಊಟ ಅಂದ್ಕೊಂಡೆ. ಚೆನ್ನಾಗಿ ಒಂದು ಕೈ ನೋಡಿ ಅಂದೆ." ಅವನು ಶಟರಿನ ಕಡೆ ತಿರುಗಿದ. "ಮೇಡಂ ಕೌಂಟರಲ್ಲಿ ಕ್ಯಾಶ್ ಮುಗಿಸ್ಕೊಂಡು ಬಂದು ಕೇಳಿದ್ರು, ಕೆಂಚಪ್ಪ ಎಲ್ಲಿ ಅಂತ. ಹೋಟೆಲಿಗೆ ಹೋಗಿದ್ದಾರೆ ಅಂದೆ."

'ಹೋಟ್ಲೊಳಕ್ಕೆ' ಅಂತ ಅದೇ ಮಾತನ್ನು ಮೇಡಂ ಕಿವಿಗೆ ಹಾಕಿದ್ದರೆ ಅವರು ಕೀಲಿಗೆ ಕೈ ಹಚ್ಚುತ್ತಿರಲಿಲ್ಲ. ಅವರ ಮನೆಯಲ್ಲೂ ಅದು ಹೋಟ್ಲೇ. ಇವನು ನಮ್ಮಪ್ಪನ ಮಾತನ್ನು ತೊಳೆದು ಇಸ್ತ್ರಿ ಮಾಡಿ ಒಪ್ಪಿಸಿದ್ದ. ಇಬ್ಬರೂ ಬಾಗಿಲಲ್ಲಿ ನಿಂತು ಒಳಗೆ ಕಣ್ಣಾಡಿಸಿ, ಫ್ಯಾನು ತೆಗೆದಿಟ್ಟು, ಕದ ಎಳೆದು, ತಮ್ಮ ತಮ್ಮ ಕೀಲಿ ತಿರುಗಿಸಿದ್ದರು. ಬಲಗಡೆಯ ಒಲೆಗೂಡು ಬಾಗಿಲಿಗೆ ಕಾಣುವುದಿಲ್ಲ. ಕಟ್ಟಿಸಿದವರು ಉಣ್ಣುವವರಿಗೆ ಬೆಂಕಿ ಕಾಣದಿರಲಿ ಅಂತ ಹಾಗೆ ಮಾಡಿದ್ದರು.

ಶಟರು ಎತ್ತಿದರು. ಗನ್‌ಮ್ಯಾನ್ ಮೇನ್ ಸ್ವಿಚ್ ಹಾಕಿದ. ಅಷ್ಟು ಹೊತ್ತೂ ಅಪ್ಪ ಕತ್ತಲಲ್ಲಿದ್ದ ಅಂತ ನನಗೆ ಆಗ ಹೊಳೆಯಿತು. ಕೌಂಟರ್ ದಾಟಿ ಉಕ್ಕಿನ ಕದದ ಮುಂದೆ ನಿಂತು ಸುತ್ತಿಗೆಯಿಂದ ಬಡಿದೆ. ಕಿವಿ ಇಟ್ಟೆ. ಒಳಗಿನಿಂದ, ಬಹಳ ದೂರದಿಂದ ಅನ್ನುವ ಹಾಗೆ, ಟಕ್ ಟಕ್ ಅಂತು.

"ಅಪ್ಪಾ!"

ಟಕ್.

"ತೆಗೀರಿ ಸಾರ್."

"ನನ್ನತ್ರ ಒಂದೇ ಕೀ ಇರೋದು. ಇನ್ನೊಂದು ಮೇಡಂ ಹತ್ರ. ಎರಡೂ ಹಾಕ್ಲೇಬೇಕು."

"ಮೇಡಂಗೆ ಮಾಡಿ."

ಮಾಡಿದ. ಸ್ವಿಚ್ಡ್ ಆಫ್. ಹೊರಗೆ ಬೆಳಕು ಇಳಿದಿತ್ತು. ಹಳೇಬೀಡಿನಲ್ಲಿ ಅವರು ಜಪಕ್ಕೆ ಕೂತಾಗಿತ್ತು, ಮೌನವಾಗಿ.

ಹೇಮಂತ ಮೇಲಿನವರಿಗೆ ಫೋನ್ ಮಾಡಿದ. ಆ ಕಡೆಯ ಮಾತು ನನಗೂ ಕೇಳುತ್ತಿತ್ತು. ಅವರು ಮೊದಲು ಕೇಳಿದ್ದು, "ಕ್ಯಾಶ್ ಸೇಫ್ ಇದೆ ತಾನೆ?" ಆಮೇಲೆ, ಸ್ಟ್ರಾಂಗ್ ರೂಮಿನೊಳಗೆ ಹೊರಗಿನವನನ್ನು ಒಬ್ಬನೇ ಬಿಟ್ಟದ್ದು ಯಾರು. ಆಮೇಲೆ, ಡೂಪ್ಲಿಕೇಟ್ ಕೀಲಿ ಬೇರೆ ಬ್ರಾಂಚಿನಲ್ಲಿದೆ, ಅದಕ್ಕೂ ಇಬ್ಬರ ಸಹಿ ಬೇಕು, ವಿಚಾರಿಸಿ ಹೇಳುತ್ತೇವೆ. ಹೇಮಂತ "ಎಸ್ ಸರ್, ಎಸ್ ಸರ್" ಅನ್ನುತ್ತಿದ್ದ. ನಾನು ಅವನ ಕೊರಳಪಟ್ಟಿ ಹಿಡಿದು ಕದಕ್ಕೆ ಒತ್ತಿದೆ.

"ಒಳ್ಗೆ ಆ ಡಬ್ಬಿ ಬಾಯಿ ತೆಗ್ದೈತೆ ಕಣಯ್ಯ. ಗೋಡೆಗೆ ಹೊಡೆದಿದ್ದು ಇನ್ನೂ ಹಸಿ ಐತೆ. ಅವ್ನ ಎದೆ ಮೊದ್ಲೇ ಕೆಟ್ಟೈತೆ. ನೀನು ಎಸ್ ಸರ್ ಅಂತ ನಿಂತಿದೀಯ."

"ಬಿಡ್ಲಾ!" ಗನ್‌ಮ್ಯಾನ್ ನನ್ನನ್ನು ಎಳೆದ. ಎಳೆದವನೇ ಹೇಮಂತನ ಕಡೆ ತಿರುಗಿ, "ಸಾರ್, ಮೇಡಮ್ಮನ ತಮ್ಮ ವರ್ಧಮಾನ್ ಅಂತ, ಹಳೇಬೀಡಲ್ಲಿ ಗೊಬ್ಬರದಂಗಡಿ. ನಂಬರ್ ಐತೆ ನನ್ನತ್ರ," ಅಂದ.

ವರ್ಧಮಾನ್ ಎತ್ತಿದ. ಹೇಮಂತನಿಗೆ ಮಾತು ತೊದಲಿತು, ಗನ್‌ಮ್ಯಾನ್ ಫೋನು ಕಸಿದುಕೊಂಡ. "ಹೋಟ್ಲೊಳ್ಗೆ ಕೆಂಚಪ್ಪ ಸಿಕ್ಕಾಕ್ಕಂಡವ್ನೆ ಬುದ್ದೀ. ಬದುಕವ್ನೆ. ಅಕ್ಕಾರ ಕೀಲಿ ಬೇಕು." ಅವನಿಗೆ ಒಂದೇ ಸಲಕ್ಕೆ ಅರ್ಥವಾಯಿತು. ಕಾರು ತೆಗೀತೀನಿ ಅಂದ.

ಹಳೇಬೀಡಿನಿಂದ ಜಾವಗಲ್ ದಾಟಿ ಅರಸೀಕೆರೆಗೆ, ಮಳೆಯಲ್ಲಿ, ಹೊಂಡದ ರಸ್ತೆಯಲ್ಲಿ, ಒಂದು ಗಂಟೆ ಬೇಕೇ ಬೇಕು. ಬೆಂಕಿ ಎಂಜಿನ್ನಿಗೆ ಫೋನ್ ಮಾಡಿದರೆ ಅದು ಯಾವುದೋ ಊರಿನ ಕೊಬ್ಬರಿ ಶೆಡ್ಡು ಹತ್ತಿಕೊಂಡು ಅಲ್ಲಿಗೆ ಹೋಗಿತ್ತು. ಕದದ ಹತ್ತಿರ ಹೋಗಿ ಮತ್ತೆ ಬಡಿದೆ. ಉತ್ತರ ಬರಲು ಈ ಸಲ ತಡವಾಯಿತು.

ಒಂದು ಗಂಟೆ ಕಾಯುವುದು ನನ್ನಿಂದ ಆಗುತ್ತಿರಲಿಲ್ಲ. ಹೊಗೆಗೂಡು ನೆನಪಾಯಿತು. ಒಲೆಯ ನೆತ್ತಿಯ ಮೇಲೆ ಸೂರಿನಲ್ಲಿ ಮೊಳದಗಲದ ತೂತು. ಅದರ ಮೇಲೆ ಇರುವುದು ಬ್ಯಾಂಕಿನವರ ಕಾಂಕ್ರೀಟು ಅಷ್ಟೆ. ಅದನ್ನು ಒಡೆದರೆ ಗಾಳಿ ಹೋಗುತ್ತದೆ. ಚಮ್ಮಟಿಗೆ, ಉಳಿ ಎತ್ತಿಕೊಂಡು ಮರದ ಮೆಟ್ಟಿಲು ಹತ್ತಿದೆ.

"ಏಯ್, ಸ್ಟ್ರಾಂಗ್ ರೂಮ್ ಸೂರು ಕಣೋ ಅದು! ಒಡೆದ್ರೆ ಕಳ್ಳತನದ ಕೇಸು. ನಾನ್ ಗುಂಡು ಹಾರಿಸ್ಬೇಕಾಯ್ತದೆ," ಗನ್‌ಮ್ಯಾನ್ ಕೆಳಗಿನಿಂದ ಕೂಗಿದ.

"ಹಾರ್ಸು. ಮೊದ್ಲು ಅವನ್ನ ತೆಗಿ, ಆಮೇಲೆ ಹಾರ್ಸು."

ಅವನು ಬಂದೂಕನ್ನು ಗೋಡೆಗೆ ಒರಗಿಸಿ ತಲೆ ಹಿಡಿದುಕೊಂಡು ಕೂತ. ನನ್ನ ಹಿಂದೆಯೇ ಹತ್ತಿ ಬಂದದ್ದು ಹೇಮಂತ. ಮೊಬೈಲಿನ ಟಾರ್ಚು ಹಿಡಿದಿದ್ದ. "ಒಡೀರಿ," ಅಂದ. "ನಾನು ಹೇಳ್ದೆ ಅಂತ ಹೇಳ್ತೀನಿ."

ಮೇಲೆ ನಿಂತರೆ ಎಲ್ಲ ಒಂದೇ ಬಯಲು. ಗೋಡೆ ಎಲ್ಲಿ ಮುಗಿಯಿತು, ಅಡುಗೆಮನೆ ಎಲ್ಲಿ ಶುರುವಾಯಿತು, ಯಾವ ಗುರುತೂ ಇಲ್ಲ. ಒಂದರ ಮೇಲೊಂದು ಬಳಿದ ಕೋಟಿಂಗು, ಮೇಲೆ ಮಳೆನೀರು. ಅವತ್ತೇ ಬೆಳಿಗ್ಗೆ ಅಪ್ಪ ಇಲ್ಲಿ ನಿಂತು, ಕಾಲಿನ ಹೆಬ್ಬೆರಳಿನಿಂದ ಗೆರೆ ಎಳೆದು, 'ಇಲ್ಲಿಂದ ಇಲ್ಗಂಟ ಅಡಿಗೆಮನೆ, ಇಲ್ಲಿ ಗೂಡು' ಅಂತ ತೋರಿಸಿದ್ದ. ನಾನು ಫೋನ್ ನೋಡುತ್ತಾ ಹ್ಞೂಂ ಅಂದಿದ್ದೆ. ಗೆರೆಯನ್ನು ಮಳೆ ತಿಂದಿತ್ತು.

ಸೋರುವ ಜಾಗ ಹುಡುಕುವಾಗ ನಾವು ಮಾಡುವ ಒಂದು ಕೆಲಸವಿದೆ. ನಾನು ಮೇಲಿನಿಂದ ಸುತ್ತಿಗೆಯಲ್ಲಿ ತಟ್ಟುತ್ತೀನಿ, ಅಪ್ಪ ಕೆಳಗಿನಿಂದ ಸೂರಿಗೆ ತಟ್ಟುತ್ತಾನೆ. ಸದ್ದು ಕಾಲಡಿಯಲ್ಲೇ ಬಂದರೆ ಅದೇ ಜಾಗ. ಮಂಡಿಯೂರಿ ತಟ್ಟಿದೆ. ಕಾದೆ. ಮುಂದಕ್ಕೆ ಹೋಗಿ ತಟ್ಟಿದೆ. ಕಾದೆ. ಕಿವಿಯನ್ನು ನೀರಿಗೇ ಒತ್ತಿ ಮಲಗಿದೆ.

ಟಕ್.

ಬಂತು. ಎದೆಯ ಕೆಳಗೇ ಬಂತು. ಸ್ಪಷ್ಟವಾಗಿ, ಅಪ್ಪ ಅಂಗೈ ಕೆಳಗೇ ಕೂತಿರುವ ಹಾಗೆ. "ಇಲ್ಲೇ ಸಾರ್, ಇಲ್ಲೇ ಅವ್ನೆ!"

ಹೊಡೆದೆ. ಕೋಟಿಂಗು ಹಾರಿತು, ಗಾರೆ ಬಂತು. ಹಳೇ ಗಾರೆ, ಕಲ್ಲಿನ ಹಾಗೆ. ಉಳಿಯ ಬಾಯಿ ಮಡಿಚಿತು. ಹೇಮಂತನೂ ಬರಿಗೈಯಲ್ಲಿ ಚೂರು ಬಳಿದು ಎಸೆಯತೊಡಗಿದ. ಅವನ ಬೆರಳು ಕೊಯ್ದು ರಕ್ತ ಬಂದದ್ದನ್ನು ಟಾರ್ಚಿನ ಬೆಳಕಲ್ಲಿ ನಾನು ನೋಡಿದೆ, ಅವನು ನೋಡಲಿಲ್ಲ. ಇಟ್ಟಿಗೆಯ ಕಮಾನು ಸಿಕ್ಕಿತು. ಕೊನೆಯ ಇಟ್ಟಿಗೆ ಸಡಿಲಿ ಕೆಳಗೆ ಬಿದ್ದಾಗ ನಾನು ತೂತಿಗೆ ಬಾಯಿ ಇಟ್ಟು "ಅಪ್ಪಾ, ಉಸಿರಾಡು, ಉಸಿರಾಡು" ಅಂತ ಕಿರುಚಿದೆ.

ಕೆಳಗಿನಿಂದ ಲೈಟು ಬಂತು. ತಣ್ಣಗೆ, ಬೆಳ್ಳಗೆ. ಹೇಮಂತ ಬಗ್ಗಿ ನೋಡಿದ. 

ಇಟ್ಟಿಗೆ ಬಿದ್ದದ್ದು ಮ್ಯಾನೇಜರನ ಕುರ್ಚಿಯ ಮೇಲೆ.

ರೈಲು ಕಂಬಿ. ಅಡುಗೆಮನೆಯಿಂದ ಊಟದ ಹಾಲಿನ ತನಕ ಒಂದೇ ಉದ್ದನೆಯ ಕಂಬಿ. ಅಪ್ಪ ಆ ತುದಿಯಲ್ಲಿ ಕಂಬಿಗೆ ಬಡಿದಿದ್ದ, ಸದ್ದು ಹರಿದು ಈ ತುದಿಯಲ್ಲಿ ನನ್ನ ಎದೆಗೆ ಬಡಿದಿತ್ತು. ರೈಲು ಬರುತ್ತಿದೆಯಾ ಅಂತ ಕಂಬಿಗೆ ಕಿವಿ ಕೊಡುವ ಊರಿನಲ್ಲಿ ಹುಟ್ಟಿ ನನಗೆ ಅದು ಹೊಳೆಯಲಿಲ್ಲ. ಅಷ್ಟು ಹೊತ್ತನ್ನೂ, ಅಷ್ಟು ಉಸಿರನ್ನೂ ಮ್ಯಾನೇಜರನ ಸೂರಿಗೆ ಸುರಿದಿದ್ದೆ.

ಎದ್ದು ಆ ತುದಿಗೆ ಓಡಿದೆ. ಅಂದಾಜಿನ ಮೇಲೆ ಹೊಡೆದೆ. ಈ ಸಲ ಕಾಂಕ್ರೀಟೇ ಸಿಕ್ಕಿತು, ಜಾಗ ಸರಿಯೇ ಇತ್ತೇನೋ. ಆದರೆ ಉಳಿಗೆ ಬಾಯಿಲ್ಲ, ನನಗೆ ತೋಳಿಲ್ಲ. ಚಮ್ಮಟಿಗೆ ಬಿದ್ದ ಕಡೆಯೆಲ್ಲ ಬಿಳಿ ಚುಕ್ಕೆ, ಅಷ್ಟೆ. ನಿಲ್ಲಿಸಿ ತಟ್ಟಿದೆ. ಉತ್ತರವಿಲ್ಲ. ಮತ್ತೆ ತಟ್ಟಿದೆ.

"ಬಡೀತಾ ಇಲ್ಲ ಸಾರ್."

"ಸುಸ್ತಾಗಿರ್ಬೇಕು."

"ಬಡೀತಾ ಇಲ್ಲ ಅಂದೆ."

ಹೇಮಂತ ನೀರಿನಲ್ಲೇ ಕೂತುಬಿಟ್ಟ. "ನನಗೆ ಹೋಟೆಲ್ ಅಂದ್ರೆ ಹೋಟೆಲ್ ಅಷ್ಟೇ ಗೊತ್ತು ಚನ್ನೇಶ್," ಅಂದ. ಅವನನ್ನು ಹೊಡೆಯಬೇಕು ಅನ್ನಿಸಿತು. ಹೊಡೆಯುವ ಶಕ್ತಿ ಇದ್ದಿದ್ದರೆ ಕಾಂಕ್ರೀಟಿಗೆ ಹೊಡೆಯುತ್ತಿದ್ದೆ. ಎಷ್ಟು ಹೊಡೆದೆನೋ, ಅಂಗೈ ಸುಲಿದು ಹಿಡಿ ಜಾರುತ್ತಿತ್ತು. ಆಗ ಕೆಳಗೆ ಕಾರಿನ ಹಾರನ್ನು ಕೇಳಿತು, ಬಿಡದೆ ಒಂದೇ ಸಮ.

ಯಶೋಧರಾ ಮೇಡಂ ಜಪದ ಬಿಳಿ ಸೀರೆಯಲ್ಲೇ ಬಂದಿದ್ದರು, ಬರಿಗಾಲಲ್ಲಿ. ಕೀಲಿ ಮುಷ್ಟಿಯಲ್ಲಿತ್ತು. ಮಾತಿಲ್ಲ. ನನ್ನನ್ನು ನೋಡಿದರು, ಹೇಮಂತನನ್ನು ನೋಡಿದರು, ಕದದ ಕಡೆ ಓಡಿದರು. ಓಡಿದವರು ಹೊ‌ಸ್ತಿಲ ಹತ್ತಿರ ಥಟ್ಟನೆ ನಿಂತು ಕೈಯಲ್ಲೇ ತೋರಿಸಿದರು.

ಕದದ ಕೆಳಗೆ, ನೆಲದ ಮೇಲೆ, ಬೂದಿಯಂಥ ಸಿಮೆಂಟ್ ಪುಡಿ ಉದುರಿತ್ತು. ಅದು ಅಡುಗೆಮನೆಯ ಹಳೇ ಕಲ್ಲಿನ ಹೊಸ್ತಿಲು. ನೀರು, ಅನ್ನ ಹೊತ್ತು ಓಡಾಡಿದವರ ಕಾಲಿಗೆ ನಡುವೆ ಸವೆದು ತಗ್ಗಾಗಿತ್ತು. ಉಕ್ಕಿನ ಕದ ನೆಟ್ಟಗೆ ಕೂರಲೆಂದು ಆ ತಗ್ಗಿಗೆ ಸಿಮೆಂಟು ತುಂಬಿದ್ದರು. ಒಳಗಿನಿಂದ ಯಾರೋ ಅದನ್ನು ಕೆರೆದು ಬೆರಳು ತೂರುವಷ್ಟು ಸಂದು ಮಾಡಿದ್ದರು. ಸಂದಿನಿಂದ ಥಿನ್ನರ್ ವಾಸನೆ ಮುಖಕ್ಕೆ ಹೊಡೆಯಿತು.

ನಾನು ಬೋರಲು ಬಿದ್ದು ಕೆನ್ನೆಯನ್ನು ನೆಲಕ್ಕೆ ಒತ್ತಿದೆ. ಏನೂ ಕೇಳಲಿಲ್ಲ. ನನ್ನ ಪಕ್ಕದಲ್ಲೇ ಮೇಡಂ ಮಂಡಿಯೂರಿ ಬಗ್ಗಿದರು. ಸಂದಿಗೆ ಬಾಯಿ ಹತ್ತಿರ ತಂದು, "ಕೆಂಚಪ್ಪಾ," ಅಂದರು. ಮೌನ ಮುರಿದ ಗಂಟಲು ಕರಕರ ಅಂತು. "ಕೆಂಚಪ್ಪಾ, ನಾನು ಯಶೋಧರಾ. ತೆಗೀತಾ ಇದೀವಿ."

ಒಳಗೆ ತಿದಿ ಊದಿತು. ಸಣ್ಣಗೆ, ಬಿಟ್ಟು ಬಿಟ್ಟು. ಆ ಸದ್ದನ್ನು ನಾನು ಹುಟ್ಟಿದಾಗಿನಿಂದ ಬೈದುಕೊಂಡೇ ಬಂದಿದ್ದೆ, ನಿದ್ದೆ ಕೆಡಿಸುತ್ತದೆ ಅಂತ.

ಹೇಮಂತನ ಕೊಯ್ದ ಬೆರಳಿನ ರಕ್ತಕ್ಕೆ ಕೀಲಿ ಜಾರಿ ತೂತಿಗೆ ಹೋಗಲಿಲ್ಲ. ಮೇಡಂ ಅವನ ಮಣಿಕಟ್ಟು ಹಿಡಿದು ಹಾಕಿಸಿದರು. ತಮ್ಮದನ್ನೂ ಹಾಕಿದರು. ಎರಡೂ ತಿರುಗಿದವು. ನಾನೂ ಗನ್‌ಮ್ಯಾನೂ ಕದ ಎಳೆದೆವು. ಅಪ್ಪ ಹೊಸ್ತಿಲ ಮೇಲೆ ಮುಖ ಇಟ್ಟು ಬೋರಲು ಬಿದ್ದಿದ್ದ. ತುಟಿಗೆ ಸಿಮೆಂಟು ಮೆತ್ತಿತ್ತು. ಕರಣೆ ಕೈಯಲ್ಲೇ ಇತ್ತು, ಬಿಡಿಸಿಕೊಳ್ಳಲು ಆಗಲಿಲ್ಲ. ಕರಣೆಯ ಸಮೇತ ಎತ್ತಿ ವರ್ಧಮಾನನ ಕಾರಿಗೆ ಹಾಕಿದೆವು.

ಆಸ್ಪತ್ರೆಯಲ್ಲಿ ಆಕ್ಸಿಜನ್ ಕೊಟ್ಟರು. ರಾತ್ರಿ ದಾಟಬೇಕು, ಶ್ವಾಸಕೋಶ ಮೊದಲೇ ಹಾಳು, ಹಾಸನಕ್ಕೆ ಒಯ್ಯುವುದಾದರೂ ಸ್ವಲ್ಪ ಸುಧಾರಿಸಲಿ ಅಂದರು. ಅಮ್ಮ ಬಂದು ಅವನ ಕಾಲು ಹಿಡಿದು ಕೂತಳು.  ಬಾಗಿಲ ಹತ್ತಿರ ಹೇಮಂತ ಬೆರಳಿಗೆ ಬಟ್ಟೆ ಸುತ್ತಿಕೊಂಡು ನಿಂತಿದ್ದ. ಅವನ ಫೋನು ಹೊಡೆದುಕೊಳ್ಳುತ್ತಲೇ ಇತ್ತು. ಮ್ಯಾನೇಜರ್ ಕ್ಯಾಬಿನ್ನಿನ ಸೂರು ಒಡೆದದ್ದು ಯಾರು ಅಂತ ಕೇಳುತ್ತಿದ್ದಾರೆ ಅಂದ. ನಾನು ಒಡೆಸಿದೆ ಅಂತ ಹೇಳಿದೀನಿ ಅಂದ. ನಾನು ಅವನ ಕಡೆ ನೋಡಲಿಲ್ಲ.

ಅಪ್ಪ ಕಣ್ಣು ಬಿಟ್ಟ. ಸೂರು ನೋಡಿದ, ಅಮ್ಮನನ್ನು ನೋಡಿದ, ನನ್ನ ಅಂಗೈ ನೋಡಿದ. ಆಮೇಲೆ ಬಾಗಿಲಲ್ಲಿ ಹೇಮಂತನನ್ನು ಕಂಡ. ಕಂಡವನೇ ಏಳಲು ಹೊರಟ. ಆಫೀಸರು ನಿಂತಿದ್ದಾರೆ, ತಾನು ಮಲಗಿದ್ದಾನೆ! ಆಗದೆ, ಮುಖದ ಮಾಸ್ಕನ್ನು ಗಲ್ಲಕ್ಕೆ ಎಳೆದುಕೊಂಡ.

"ಸೋಮಿ... ತೆಪ್ಪಾಯ್ತು. ನಿಮ್ಗೆ ತಿಳ್ಯಂಗೆ ಹೇಳ್ಬೇಕಿತ್ತು ನಾನು. ಹೋಟ್ಲೊಳ್ಗೆ ಒಂದ್ ಕೈ ಬಾಕಿ..."

ಹೇಮಂತ ಮುಖ ಮುಚ್ಚಿಕೊಂಡ.

ನನಗೆ ಮೈಯೆಲ್ಲ ಉರಿ ಎದ್ದಿತು. ಕದ ಹಾಕಿದವರ ಮೇಲಲ್ಲ, ಇವನ ಮೇಲೆ. ಇವನನ್ನು ಕತ್ತಲಲ್ಲಿ ಮುಚ್ಚಿಟ್ಟರು, ಇವನು ಹೊಸ್ತಿಲು ಕೆರೆದು ನಾಯಿಯ ಹಾಗೆ ಉಸಿರು ಹೆಕ್ಕಿದ, ಈಗ ಸಿಕ್ಕಿದ ಉಸಿರನ್ನು ಅವರ ಕ್ಷಮೆ ಕೇಳುವುದಕ್ಕೆ ಖರ್ಚು ಮಾಡುತ್ತಿದ್ದಾನೆ. ಮತ್ತೆ ಬಾಯಿ ತೆರೆದ. ನಾನು ಮಾಸ್ಕು ಎಳೆದು ಅವನ ಬಾಯಿ ಮೂಗಿನ ಮೇಲೆ ಕೂರಿಸಿ, ತೆಗೆಯದ ಹಾಗೆ ಒತ್ತಿ ಹಿಡಿದೆ.

"ಮಾತಾಡ್ಬೇಡ. ಯಾರಿಗೂ ಏನೂ ಹೇಳ್ಬೇಡ. ಉಸಿರಾಡು."

ಅವನು ತಲೆ ಅಲ್ಲಾಡಿಸಿದ. ಮಾಸ್ಕಿನೊಳಗೆ ತುಟಿ ಅಲುಗುತ್ತಲೇ ಇತ್ತು. ನಾನು ಕೈ ತೆಗೆಯಲಿಲ್ಲ.